10 ಜಿ ಕಾರ್ಡ್‌ಗೆ ಎಕ್ಸ್‌ಡಿಪಿ ಫಿಲ್ಟರ್ ಬರೆಯುವುದು ಹೇಗೆ: ನಮ್ಮ ರಾಯಚೂರು ಕಡೆಯ ಸಣ್ಣ ಇಂಟರ್ನೆಟ್ ಆಪರೇಟರ್‌ಗಳಿಗೆ

ರಾಯಚೂರು, ಸಿಂಧನೂರು, ಮಾನ್ವಿ ಕಡೆ ಕೇಬಲ್ ಜೊತೆಗೆ ಇಂಟರ್ನೆಟ್ ಕೊಡುವವರ ರ‍್ಯಾಕ್‌ನಲ್ಲಿ ಒಂದು ಲಿನಕ್ಸ್ ಸರ್ವರ್ ಇದ್ದೇ ಇರುತ್ತದೆ. ಮೇಲಿನಿಂದ ತಗೊಂಡ ಬ್ಯಾಂಡ್‌ವಿಡ್ತ್ ಮೊದಲು ಅದರೊಳಗೆ ಬರುತ್ತದೆ, ಅಲ್ಲಿಂದ ಓಎಲ್‌ಟಿಗೆ (ಫೈಬರ್ ಮೂಲಕ ಮನೆಗಳಿಗೆ ಹಂಚುವ ಪೆಟ್ಟಿಗೆ), ಅಲ್ಲಿಂದ ಮನೆಮನೆಗೆ, ಜಿನ್ನಿಂಗ್ ಮಿಲ್ಲಿಗೆ, ಅಕ್ಕಿ ಮಿಲ್ಲಿಗೆ. ಸಾಮಾನ್ಯ ದಿನ ಈ ಸರ್ವರ್ ತನ್ನ ಪಾಡಿಗೆ ತಾನು ಇರುತ್ತದೆ. ಯಾರೋ ಒಬ್ಬ ಹುಡುಗ ಗೇಮ್‌ನಲ್ಲಿ ಇನ್ನೊಬ್ಬನನ್ನು ಸೋಲಿಸಿದ, ಸೋತವನು ದುಡ್ಡು ಕೊಟ್ಟು ಆ ಹುಡುಗನ ಐಪಿ ಮೇಲೆ ಪ್ಯಾಕೆಟ್ ಸುರಿಸಿದ ಅಂದರೆ ಮುಗೀತು, ಇಡೀ ಏರಿಯಾದ ನೆಟ್ ಕೂತುಬಿಡುತ್ತದೆ, "ಸರ್, ನೆಟ್ ಬರವಲ್ದು ನೋಡ್ರಿ" ಅಂತ ಫೋನ್ ಮೇಲೆ ಫೋನ್ ಶುರುವಾಗುತ್ತದೆ. ಗ್ರಾಫ್ ನೋಡಿದರೆ ಎಷ್ಟೋ ಸಲ ಲಿಂಕ್ ಅರ್ಧವೂ ತುಂಬಿರುವುದಿಲ್ಲ. ಲಿಂಕ್ ಖಾಲಿ ಇದೆ, ಸರ್ವರ್ ಸತ್ತಿದೆ.

ಇದಕ್ಕೆ ದೊಡ್ಡ ಪೆಟ್ಟಿಗೆ ಕೊಳ್ಳಬೇಕಿಲ್ಲ. ಸಿ ಭಾಷೆ ತಕ್ಕಮಟ್ಟಿಗೆ ಗೊತ್ತಿದ್ದರೆ, ಲಿನಕ್ಸ್ ಒಳಗೇ ಇರುವ ಎಕ್ಸ್‌ಡಿಪಿ (ಎಕ್ಸ್‌ಪ್ರೆಸ್ ಡೇಟಾ ಪಾತ್, ಪ್ಯಾಕೆಟ್ ಬಂದ ಕೂಡಲೇ ನಿಮ್ಮ ಪ್ರೋಗ್ರಾಂ ಓಡಿಸುವ ಸೌಲಭ್ಯ) ಬಳಸಿ ಒಂದು ಫಿಲ್ಟರ್ ನೀವೇ ಬರೆಯಬಹುದು. ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಲೆಕ್ಕ

ಇದನ್ನು ಬಿಟ್ಟು ಕೋಡ್‌ಗೆ ಹಾರಬೇಡಿ. ಈಥರ್ನೆಟ್‌ನಲ್ಲಿ ಅತಿ ಚಿಕ್ಕ ಫ್ರೇಮ್ 64 ಬೈಟ್. ತಂತಿಯ ಮೇಲೆ ಅದಕ್ಕೆ ಮುಂದೆ 8 ಬೈಟ್, ಹಿಂದೆ 12 ಬೈಟಿನ ಖಾಲಿ ಜಾಗ ಸೇರಿ 84 ಬೈಟ್, ಅಂದರೆ 672 ಬಿಟ್ ಆಗುತ್ತದೆ. 10 ಜಿಬಿಪಿಎಸ್ ಅನ್ನು 672ರಿಂದ ಭಾಗಿಸಿ. ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ 80 ಸಾವಿರ ಪ್ಯಾಕೆಟ್. ಒಂದು ಪ್ಯಾಕೆಟ್‌ಗೆ ಸಿಗುವ ಸಮಯ 67.2 ನ್ಯಾನೊಸೆಕೆಂಡ್. 3 ಗಿಗಾಹರ್ಟ್ಸ್ ಸಿಪಿಯುನಲ್ಲಿ ಅದು ಸುಮಾರು 200 ಸೈಕಲ್, ಅಷ್ಟೇ. ಕ್ಯಾಶ್‌ನಲ್ಲಿ ಸಿಗದ ಒಂದು ಮಾಹಿತಿಗಾಗಿ ರ‍್ಯಾಮ್‌ಗೆ ಹೋಗಿ ಬರಲು ಹೆಚ್ಚೂಕಡಿಮೆ ಅಷ್ಟೇ ಹೊತ್ತು ಬೇಕು.

ಈಗ ದಿನನಿತ್ಯದ ಟ್ರಾಫಿಕ್ ನೋಡಿ. ಜನ ವಿಡಿಯೋ ನೋಡುವಾಗ ಪ್ಯಾಕೆಟ್ ದೊಡ್ಡದಿರುತ್ತದೆ. ಸರಾಸರಿ 800 ಬೈಟ್ ಅಂತ ಹಿಡಿದರೆ 10 ಜಿ ಪೂರ್ತಿ ತುಂಬಿದರೂ ಸೆಕೆಂಡಿಗೆ ಸುಮಾರು 15 ಲಕ್ಷ ಪ್ಯಾಕೆಟ್, ಒಂದಕ್ಕೆ 650 ನ್ಯಾನೊಸೆಕೆಂಡ್ ಸಿಗುತ್ತದೆ. ನಾಲ್ಕಾರು ಕೋರ್ ಹಂಚಿಕೊಂಡರೆ ಲಿನಕ್ಸ್ ಇದನ್ನು ನಿಭಾಯಿಸುತ್ತದೆ. ಚಿಕ್ಕ ಪ್ಯಾಕೆಟ್ ಸುರಿದಾಗ ಮಾತ್ರ ಹತ್ತು ಪಟ್ಟು ಕಷ್ಟ. ಹಾಗಾಗಿ ನಮ್ಮ ಕೆಲಸದಲ್ಲಿ ಜಿಬಿಪಿಎಸ್ ನೋಡಿ ಉಪಯೋಗವಿಲ್ಲ, ಸೆಕೆಂಡಿಗೆ ಎಷ್ಟು ಪ್ಯಾಕೆಟ್ ಅಂತ ನೋಡಬೇಕು. ನಿಮ್ಮ ಗ್ರಾಫ್‌ನಲ್ಲಿ ಅದು ಇಲ್ಲದಿದ್ದರೆ ಇವತ್ತೇ ಸೇರಿಸಿ.

ಲಿನಕ್ಸ್‌ನಲ್ಲಿ ಸಮಯ ಎಲ್ಲಿ ಹೋಗುತ್ತದೆ? ಕಾರ್ಡ್‌ನಿಂದ ಪ್ಯಾಕೆಟ್ ಬಂದ ಕೂಡಲೇ ಡ್ರೈವರ್ ಅದಕ್ಕೊಂದು ಎಸ್‌ಕೆ ಬಫ್ ಕಟ್ಟುತ್ತದೆ. ಅದು ಪ್ಯಾಕೆಟ್‌ನ ವಿವರವೆಲ್ಲ ಇಡುವ ಒಂದು ದೊಡ್ಡ ಸ್ಟ್ರಕ್ಚರ್. ಆಮೇಲೆ ಪ್ಯಾಕೆಟ್ ನೆಟ್‌ಫಿಲ್ಟರ್, ಕನೆಕ್ಷನ್ ಟ್ರ್ಯಾಕಿಂಗ್, ರೂಟಿಂಗ್ ಎಲ್ಲ ದಾಟಬೇಕು. ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ಡ್ರಾಪ್ ರೂಲ್ ಹಾಕಿದರೂ ಪ್ಯಾಕೆಟ್ ಆ ರೂಲ್ ತನಕ ಬರುವಷ್ಟರಲ್ಲಿ ಖರ್ಚು ಆಗಿಹೋಗಿರುತ್ತದೆ. ನಮ್ಮ ಎಪಿಎಂಸಿಯಲ್ಲಿ ಹತ್ತಿ ತಂದ ಗಾಡಿಯನ್ನು ಒಳಗೆ ಬಿಟ್ಟು, ತೂಕ ಮಾಡಿ, ಚೀಟಿ ಬರೆದು, ಆಮೇಲೆ ಮಾಲು ಬೇಡ ಅಂದ ಹಾಗೆ. ಎಕ್ಸ್‌ಡಿಪಿ ಗೇಟ್‌ನಲ್ಲೇ ನೋಡಿ ವಾಪಸ್ ಕಳಿಸುತ್ತದೆ. ಎಸ್‌ಕೆ ಬಫ್ ಕಟ್ಟುವ ಮೊದಲು, ಡ್ರೈವರ್ ಒಳಗೇ ನಿಮ್ಮ ಪುಟ್ಟ ಪ್ರೋಗ್ರಾಂ ಓಡುತ್ತದೆ.

ಎಕ್ಸ್‌ಡಿಪಿಯೇ ಯಾಕೆ

ವೇಗದ ಪ್ಯಾಕೆಟ್ ಕೆಲಸ ಅಂದ ತಕ್ಷಣ ಎಲ್ಲರೂ ಡಿಪಿಡಿಕೆ ಅನ್ನುತ್ತಾರೆ. ಇಂಟೆಲ್ ಶುರುಮಾಡಿದ್ದು, 2017ರಿಂದ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿದೆ, ತುಂಬಾ ವೇಗವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕಾರ್ಡನ್ನು ಕರ್ನಲ್‌ನಿಂದ ಕಿತ್ತುಕೊಂಡು ನೇರವಾಗಿ ನಡೆಸುತ್ತದೆ. ಹೆಚ್ಚಿನ ಕಾರ್ಡ್‌ಗಳಲ್ಲಿ ಇಂಟರ್‌ಫೇಸೇ ಲಿನಕ್ಸ್‌ಗೆ ಕಾಣುವುದಿಲ್ಲ, ಐಪಿ ಕಮಾಂಡ್ ಇಲ್ಲ, ಟಿಸಿಪಿಡಂಪ್ ಇಲ್ಲ, ರೂಟಿಂಗ್ ನೀವೇ ಬರೆಯಬೇಕು ಅಥವಾ ವಿಪಿಪಿ ಥರದ ರೂಟಿಂಗ್ ಸಾಫ್ಟ್‌ವೇರ್ ತರಬೇಕು. ಇನ್ನೊಂದು, ಅದು ಪೋಲಿಂಗ್ ಮೇಲೆ ನಡೆಯುತ್ತದೆ. ಪ್ಯಾಕೆಟ್ ಬರಲಿ ಬಿಡಲಿ, ಅದಕ್ಕೆ ಕೊಟ್ಟ ಕೋರ್ ಸಾಮಾನ್ಯವಾಗಿ 100 ಪರ್ಸೆಂಟ್ ಓಡುತ್ತಲೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಿ 40 ಡಿಗ್ರಿ ದಾಟಿದಾಗ, ಸಣ್ಣ ರೂಮು, ಒಂದೇ ಎಸಿ, ಕರೆಂಟ್ ಹೋದರೆ ಯುಪಿಎಸ್ ಮೇಲೆ ಎಳೆಯಬೇಕು ಅನ್ನುವ ಜಾಗದಲ್ಲಿ ರಾತ್ರಿ ಎರಡು ಗಂಟೆಗೂ ನಾಲ್ಕು ಕೋರ್ ಸುಮ್ನೆ ಬಿಸಿಯಾಗುತ್ತಿರುವುದು ನಮಗೆ ಬೇಡವೇ ಬೇಡ. ಎಕ್ಸ್‌ಡಿಪಿ ಇಂಟರಪ್ಟ್ (ಪ್ಯಾಕೆಟ್ ಬಂದಾಗ ಕಾರ್ಡ್ ಸಿಪಿಯುವನ್ನು ಎಬ್ಬಿಸುವುದು) ಮತ್ತು ನಾಪಿ (ಎದ್ದ ಮೇಲೆ ಪ್ಯಾಕೆಟ್‌ಗಳನ್ನು ಗುಂಪಾಗಿ ಎತ್ತಿಕೊಳ್ಳುವ ಕರ್ನಲ್‌ನ ವಿಧಾನ) ಮೇಲೆ ನಡೆಯುವುದರಿಂದ ಟ್ರಾಫಿಕ್ ಇಲ್ಲದಾಗ ಸಿಪಿಯು ಮಲಗುತ್ತದೆ.

ಫ್ರೀಬಿಎಸ್‌ಡಿ ಬಳಸುವವರಿಗೆ ನೆಟ್‌ಮ್ಯಾಪ್ ಇದೆ. ಪೀಸಾ ವಿಶ್ವವಿದ್ಯಾಲಯದ ಲುಯಿಜಿ ರಿಝೊ ಮಾಡಿದ್ದು. 900 ಮೆಗಾಹರ್ಟ್ಸ್‌ನ ಒಂದೇ ಕೋರ್‌ನಲ್ಲಿ 10 ಜಿ ಪೂರ್ತಿ ವೇಗ ಮುಟ್ಟಬಹುದು ಅಂತ 2012ರಲ್ಲೇ ತೋರಿಸಿದ್ದಾರೆ. ಓದಲು ಬಹಳ ಸೊಗಸಾದ ಡಿಸೈನ್. ನಮ್ಮ ಕಡೆ ಲಿನಕ್ಸೇ ಜಾಸ್ತಿ ಇರುವುದರಿಂದ ಇಲ್ಲಿ ಎಕ್ಸ್‌ಡಿಪಿ ಹಿಡಿಯುತ್ತೇನೆ.

ಶುರುಮಾಡುವ ಮೊದಲು ನೋಡಬೇಕಾದ್ದು

ಎಕ್ಸ್‌ಡಿಪಿ ಕರ್ನಲ್ 4.8ರಲ್ಲಿ, 2016ರಲ್ಲಿ ಬಂತು. ಈಗ ಕೆಲಸ ಶುರುಮಾಡುವವರು 5.10 ಅಥವಾ ಅದಕ್ಕಿಂತ ಹೊಸ ಕರ್ನಲ್ ಹಾಕಿಕೊಳ್ಳಿ. ಲೂಪ್ ಬರೆಯಲು 5.3 ಬೇಕೇ ಬೇಕು, ಅದಕ್ಕಿಂತ ಹಳೆಯದರಲ್ಲಿ ಸಣ್ಣ ಸಣ್ಣದಕ್ಕೂ ಒದ್ದಾಟ. ಕಾರ್ಡ್ ಇಂಟೆಲ್‌ನ ಐಎಕ್ಸ್‌ಜಿಬಿಇ ಅಥವಾ ಐ40ಇ ಡ್ರೈವರ್‌ನದ್ದೋ, ಮೆಲನಾಕ್ಸ್‌ನ ಎಂಎಲ್‌ಎಕ್ಸ್5 ಡ್ರೈವರ್‌ನದ್ದೋ ಆದರೆ ಡ್ರೈವರ್‌ನಲ್ಲೇ ಎಕ್ಸ್‌ಡಿಪಿ ಸಿಗುತ್ತದೆ. ಇದನ್ನು ನೇಟಿವ್ ಮೋಡ್ ಅನ್ನುತ್ತಾರೆ. ಡ್ರೈವರ್‌ನಲ್ಲಿ ಇಲ್ಲದಿದ್ದರೆ ಕರ್ನಲ್ ಜೆನೆರಿಕ್ ಮೋಡ್‌ನಲ್ಲಿ ಓಡಿಸುತ್ತದೆ, ಆದರೆ ಅದು ಎಸ್‌ಕೆ ಬಫ್ ಕಟ್ಟಿದ ಮೇಲೆ ಓಡುವುದರಿಂದ ಕಲಿಯುವುದಕ್ಕೆ ಮಾತ್ರ ಸರಿ.

ಸರ್ವರ್ ನಿಜವಾಗಿ ಎಲ್ಲಿ ಸೋಲುತ್ತಿದೆ ಅಂತಲೂ ನೋಡಿ. ಸಿಪಿಯು ಬಳಕೆ ತೋರಿಸುವ ಎಂಪಿಸ್ಟ್ಯಾಟ್ ಕಮಾಂಡ್‌ನಲ್ಲಿ ಕೋರ್ ಕೋರ್ ಬೇರೆ ಮಾಡಿ, ಸಾಫ್ಟ್ ಅನ್ನುವ ಕಾಲಂ (ಪ್ಯಾಕೆಟ್ ಥರದ ಕೆಲಸಕ್ಕೆ ಹೋಗುವ ಸಮಯ) ನೋಡಿ. ಎಲ್ಲ ಕೋರ್ ಆರಾಮಾಗಿದ್ದು ಒಂದೇ ಕೋರ್ 100ಕ್ಕೆ ಹೋಗಿದ್ದರೆ ಪ್ಯಾಕೆಟ್‌ಗಳೆಲ್ಲ ಒಂದೇ ಕ್ಯೂಗೆ ಬೀಳುತ್ತಿವೆ ಅಂತ ಅರ್ಥ. ಪಿಪಿಪಿಒಇ (ಚಂದಾದಾರ ಲಾಗಿನ್ ಆಗಿ ಸೇರುವ ವಿಧಾನ) ಇರುವ ನಮ್ಮಂಥ ಜಾಲದಲ್ಲಿ ಇದು ಮಾಮೂಲಿ. ಅನೇಕ ಕಾರ್ಡ್‌ಗಳು ಪಿಪಿಪಿಒಇ ಹೆಡರ್ ದಾಟಿ ಒಳಗಿನ ಐಪಿ ನೋಡುವುದಿಲ್ಲ, ಹಾಗಾಗಿ ಹ್ಯಾಶ್ ಮಾಡಲು ಏನೂ ಸಿಗದೆ ಎಲ್ಲವನ್ನೂ ಸೊನ್ನೆ ನಂಬರ್ ಕ್ಯೂಗೆ ತಳ್ಳುತ್ತವೆ. ಅದಕ್ಕೆ ಮದ್ದು ಬೇರೆ: ಆರ್‌ಪಿಎಸ್ (ಬಂದ ಪ್ಯಾಕೆಟ್‌ಗಳನ್ನು ಕರ್ನಲ್ಲೇ ಕೋರ್‌ಗಳಿಗೆ ಹಂಚುವುದು) ಹಾಕಿ, ಇಲ್ಲವೇ ಎಕ್ಸ್‌ಡಿಪಿಯಲ್ಲೇ ಒಳಗಿನ ಐಪಿ ಓದಿ ಸಿಪಿಯು ಮ್ಯಾಪ್ ಮೂಲಕ ಬೇರೆ ಬೇರೆ ಕೋರ್‌ಗೆ ಹಂಚಿ. ಚಂದಾದಾರರ ಸ್ಪೀಡ್ ಹಂಚುವ ಲಿಬ್ರೆಕ್ಯೂಒಎಸ್ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಕೂಡ ಎಕ್ಸ್‌ಡಿಪಿಯಿಂದಲೇ ಕೆಲಸವನ್ನು ಕೋರ್‌ಗಳಿಗೆ ಹಂಚುತ್ತದೆ. ಕಾರ್ಡ್‌ನ ಸೆಟ್ಟಿಂಗ್ ನೋಡುವ ಎಥ್‌ಟೂಲ್ ಕಮಾಂಡ್‌ನ ಅಂಕಿಅಂಶದಲ್ಲಿ ಆರ್‌ಎಕ್ಸ್ ಮಿಸ್ಡ್ ಏರುತ್ತಿದ್ದರೆ ಕಾರ್ಡ್‌ನಿಂದ ಎತ್ತಿಕೊಳ್ಳಲು ಸಿಪಿಯುಗೆ ಆಗುತ್ತಿಲ್ಲ ಎಂದು ತಿಳಿಯಿರಿ.

ಫಿಲ್ಟರ್ ಹಾಕುವುದು ಮೇಲಿನ ಬ್ಯಾಂಡ್‌ವಿಡ್ತ್ ಬರುವ ಕಡೆಯ ಪೋರ್ಟ್‌ಗೆ. ಅಲ್ಲಿ ಪಿಪಿಪಿಒಇ ಇರುವುದಿಲ್ಲ, ಹೆಚ್ಚೆಂದರೆ ವಿಲ್ಯಾನ್ ಟ್ಯಾಗ್ (ಒಂದೇ ತಂತಿಯಲ್ಲಿ ಬೇರೆ ಬೇರೆ ಜಾಲ ಗುರುತಿಸುವ ಗುರುತು) ಇರುತ್ತದೆ. ಒಂದು ಮಾತು: ಕಾರ್ಡೇ ಟ್ಯಾಗ್ ತೆಗೆದುಬಿಡುವ ಸೆಟ್ಟಿಂಗ್ ಆನ್ ಇದ್ದರೆ ನಿಮ್ಮ ಪ್ರೋಗ್ರಾಂಗೆ ಪ್ಯಾಕೆಟ್‌ನಲ್ಲಿ ಟ್ಯಾಗ್ ಕಾಣುವುದಿಲ್ಲ. ಎಥ್‌ಟೂಲ್‌ನಲ್ಲಿ ಆರ್‌ಎಕ್ಸ್ ವಿಲ್ಯಾನ್ ಆಫ್ ಮಾಡಿ. ಬಂದ ಪ್ಯಾಕೆಟ್‌ಗಳನ್ನು ಜೋಡಿಸಿ ದೊಡ್ಡದು ಮಾಡುವ ಎಲ್‌ಆರ್‌ಒ ಕೂಡ ಆಫ್ ಇರಲಿ.

ಕೋಡ್

ಎಕ್ಸ್‌ಡಿಪಿ ಪ್ರೋಗ್ರಾಂ ಅಂದರೆ ಬಿಪಿಎಫ್ ಪ್ರೋಗ್ರಾಂ; ಬಿಪಿಎಫ್ ಅಂದರೆ ಕರ್ನಲ್‌ನೊಳಗೆ ಪುಟ್ಟ ಪ್ರೋಗ್ರಾಂ ಓಡಿಸುವ ವ್ಯವಸ್ಥೆ. ಬೇಕಾದ ಸಾಮಾನು ಕಡಿಮೆ: ಕ್ಲ್ಯಾಂಗ್, ಲಿಬ್‌ಬಿಪಿಎಫ್, ಬಿಪಿಎಫ್‌ಟೂಲ್, ಎಕ್ಸ್‌ಡಿಪಿ ಟೂಲ್ಸ್. ಉಬುಂಟು, ಡೆಬಿಯನ್‌ನ ಹೊಸ ಆವೃತ್ತಿಗಳಲ್ಲಿ ಎಲ್ಲವೂ ಪ್ಯಾಕೇಜ್ ಆಗಿಯೇ ಸಿಗುತ್ತವೆ. ಕಂಪೈಲ್ ಮಾಡುವಾಗ ಟಾರ್ಗೆಟ್ ಬಿಪಿಎಫ್ ಅಂತ ಕೊಡಿ, ಆಪ್ಟಿಮೈಸೇಶನ್ 2 ಇಡಿ, ಡೀಬಗ್ ಮಾಹಿತಿ ಸೇರಿಸಿ. ಆಪ್ಟಿಮೈಸೇಶನ್ ಇಲ್ಲದೆ ಮಾಡಿದ್ದು ಬಹಳ ಸಲ ಲೋಡೇ ಆಗುವುದಿಲ್ಲ.

ಪ್ರೋಗ್ರಾಂ ಅಂದರೆ ಒಂದೇ ಫಂಕ್ಷನ್. ಅದಕ್ಕೆ ಸಿಗುವ ಕಾಂಟೆಕ್ಸ್ಟ್‌ನಲ್ಲಿ ಎರಡು ವಿಳಾಸ ಮುಖ್ಯ: ಡೇಟಾ, ಅಂದರೆ ಪ್ಯಾಕೆಟ್ ಶುರುವಾಗುವ ಜಾಗ, ಡೇಟಾ ಎಂಡ್, ಮುಗಿಯುವ ಜಾಗ. ಫಂಕ್ಷನ್ ಒಂದು ಉತ್ತರ ಕೊಡಬೇಕು. ಪಾಸ್ ಅಂದರೆ ಮಾಮೂಲಿ ದಾರಿಗೆ ಬಿಡು, ಡ್ರಾಪ್ ಅಂದರೆ ಬಿಸಾಡು, ಟಿಎಕ್ಸ್ ಅಂದರೆ ಬಂದ ಪೋರ್ಟ್‌ನಿಂದಲೇ ವಾಪಸ್ ಕಳಿಸು, ರೀಡೈರೆಕ್ಟ್ ಅಂದರೆ ಬೇರೆ ಪೋರ್ಟ್‌ಗೋ ಕೋರ್‌ಗೋ ಸಾಕೆಟ್‌ಗೋ ದಾಟಿಸು. ಐದನೆಯದು ಅಬಾರ್ಟೆಡ್, ಅದು ಪ್ರೋಗ್ರಾಂ ಎಡವಿದಾಗ ಮಾತ್ರ. ನಮಗೆ ಪಾಸ್, ಡ್ರಾಪ್ ಎರಡೇ ಸಾಕು.

ಮೊದಲ ದಿನ ಬರೀ ಪಾಸ್ ಅಂತ ಉತ್ತರ ಕೊಡುವ ಪ್ರೋಗ್ರಾಂ ಲೋಡ್ ಮಾಡಿ ನೋಡಿ. ಅದು ಕೂತರೆ ಮುಂದಿನದು.

ಈಗ ಪ್ಯಾಕೆಟ್ ಓದುವುದು. ಇಲ್ಲಿ ವೆರಿಫೈಯರ್ ಎದುರಾಗುತ್ತದೆ. ನಿಮ್ಮ ಕೋಡ್ ಕರ್ನಲ್ ಒಳಗೆ ಓಡುವುದರಿಂದ, ಅದು ಎಲ್ಲೂ ಪ್ಯಾಕೆಟ್‌ನ ಆಚೆ ಓದುವುದಿಲ್ಲ, ಎಲ್ಲೂ ಕೊನೆಯಿಲ್ಲದೆ ಸುತ್ತುವುದಿಲ್ಲ ಅಂತ ಕರ್ನಲ್ ಲೋಡ್ ಮಾಡುವಾಗಲೇ ಒಂದೊಂದು ದಾರಿಯನ್ನೂ ಪರೀಕ್ಷಿಸುತ್ತದೆ. ಈಥರ್ನೆಟ್ ಹೆಡರ್ 14 ಬೈಟ್. ಡೇಟಾಗೆ 14 ಕೂಡಿಸಿದ್ದು ಡೇಟಾ ಎಂಡ್‌ಗಿಂತ ಜಾಸ್ತಿಯಾ ಅಂತ ಮೊದಲು ಕೇಳಿ, ಜಾಸ್ತಿ ಇದ್ದರೆ ಪಾಸ್ ಅಂತ ಹೊರಬನ್ನಿ, ಆಮೇಲಷ್ಟೇ ಹೆಡರ್ ಓದಿ. ಈ ಪ್ರಶ್ನೆ ಕೇಳದೆ ಓದಿದರೆ ಇನ್‌ವ್ಯಾಲಿಡ್ ಆಕ್ಸೆಸ್ ಟು ಪ್ಯಾಕೆಟ್ ಅಂತ ಬೈದು ಪ್ರೋಗ್ರಾಂ ತಿರಸ್ಕರಿಸುತ್ತದೆ. ಸಂದೇಶ ಉದ್ದ ಇರುತ್ತದೆ, ರಿಜಿಸ್ಟರ್ ಹೆಸರೆಲ್ಲ ಇರುತ್ತದೆ, ಹೆದರಬೇಡಿ. ಕೊನೆಯ ನಾಲ್ಕೈದು ಸಾಲು ಓದಿದರೆ ಯಾವ ಜಾಗದಲ್ಲಿ ಅಂತ ಗೊತ್ತಾಗುತ್ತದೆ. ಹೊಸಬರಿಗೆ ಇದು ಕಿರಿಕಿರಿ, ಆದರೆ ಊರಿನ ನೆಟ್ಟೆಲ್ಲ ಹೊತ್ತ ಸರ್ವರ್ ನಿಮ್ಮ ಒಂದು ಸಾಲಿನಿಂದ ಕ್ರ್ಯಾಶ್ ಆಗಬಾರದು, ಅಲ್ವಾ?

ಈಥರ್ ಟೈಪ್ ನೋಡಿ. ಹೆಕ್ಸ್‌ನಲ್ಲಿ 0800 ಇದ್ದರೆ ಐಪಿವಿ4, 8100 ಇದ್ದರೆ ವಿಲ್ಯಾನ್, ಇನ್ನೂ 4 ಬೈಟ್ ದಾಟಿ ಮತ್ತೆ ನೋಡಬೇಕು. ಪ್ಯಾಕೆಟ್‌ನಲ್ಲಿ ಸಂಖ್ಯೆಗಳು ಬಿಗ್ ಎಂಡಿಯನ್, ನಮ್ಮ ಸಿಪಿಯು ಲಿಟಲ್ ಎಂಡಿಯನ್. ಹಾಗಾಗಿ ಹೋಲಿಸುವ ಪ್ರತಿ ಸಂಖ್ಯೆಯನ್ನೂ ತಿರುಗಿಸುವ ಮ್ಯಾಕ್ರೋದೊಳಗೆ ಹಾಕಿ. ಫಿಲ್ಟರ್ ಲೋಡ್ ಆಗಿದೆ ಆದರೆ ಒಂದೂ ಪ್ಯಾಕೆಟ್ ಹಿಡಿಯುತ್ತಿಲ್ಲ ಅಂದರೆ ಹತ್ತಕ್ಕೆ ಒಂಬತ್ತು ಸಲ ಕಾರಣ ಇದೇ.

ಐಪಿ ಹೆಡರ್ ಸಾಮಾನ್ಯವಾಗಿ 20 ಬೈಟ್, ಆದರೆ ಹಾಗಂತ ನಂಬಬೇಡಿ. ಐಎಚ್‌ಎಲ್ ಫೀಲ್ಡನ್ನು 4ರಿಂದ ಗುಣಿಸಿದರೆ ನಿಜವಾದ ಉದ್ದ. ಅಲ್ಲಿಂದ ಮುಂದೆ ಯುಡಿಪಿ, 8 ಬೈಟ್. ಪ್ರತಿ ಹೆಜ್ಜೆಗೂ ಡೇಟಾ ಎಂಡ್ ಪ್ರಶ್ನೆ ಮತ್ತೆ ಕೇಳಬೇಕು.

ಇಲ್ಲಿ ಬಹಳ ಜನ ಬಿಡುವ ಒಂದು ವಿಷಯವಿದೆ: ಫ್ರ್ಯಾಗ್‌ಮೆಂಟ್. ರಿಫ್ಲೆಕ್ಷನ್ ದಾಳಿಯಲ್ಲಿ (ನಮ್ಮ ಚಂದಾದಾರನ ಐಪಿ ಹಾಕಿ ಬೇರೆಯವರ ಸರ್ವರ್‌ಗೆ ಪ್ರಶ್ನೆ ಕಳಿಸಿ, ಉತ್ತರ ಅವನ ಮೇಲೆ ಬೀಳಿಸುವುದು) ಬರುವ ಉತ್ತರ ದೊಡ್ಡದಿದ್ದರೆ ಅದು ತುಂಡಾಗಿ ಬರುತ್ತದೆ, ಯುಡಿಪಿ ಪೋರ್ಟ್ ನಂಬರ್ ಮೊದಲ ತುಂಡಿನಲ್ಲಿ ಮಾತ್ರ ಇರುತ್ತದೆ. ಎರಡನೇ ತುಂಡಿನಲ್ಲಿ ಪೋರ್ಟ್ ಇರಬೇಕಾದ ಜಾಗದಲ್ಲಿ ಇರುವುದು ಬರೀ ಡೇಟಾ, ಅದನ್ನು ಪೋರ್ಟ್ ಅಂತ ಓದಿದರೆ ಫಿಲ್ಟರ್ ಏನೇನೋ ತೀರ್ಮಾನ ಮಾಡುತ್ತದೆ. ಐಪಿ ಹೆಡರ್‌ನ ಫ್ರ್ಯಾಗ್‌ಮೆಂಟ್ ಆಫ್‌ಸೆಟ್ ಕೆಳಗಿನ 13 ಬಿಟ್. ಅದು ಸೊನ್ನೆ ಅಲ್ಲದಿದ್ದರೆ ಪೋರ್ಟ್ ನೋಡಬೇಡಿ, ಅಂಥವುಗಳಿಗೆ ಬೇರೆಯೇ ಮಿತಿ ಇಡಿ.

ಯಾವುದನ್ನು ಬಿಸಾಡುವುದು

ವೆಬ್ ಸರ್ವರ್‌ಗಳು ಡೇಟಾ ಕ್ಯಾಶ್ ಇಡಲು ಬಳಸುವ ಮೆಮ್‌ಕ್ಯಾಶ್‌ಡಿಯ 11211 ಪೋರ್ಟ್‌ನಿಂದ ಹೊರಟ ಯುಡಿಪಿ ನಮ್ಮ ಮನೆಗಳಿಗೆ ಬರಬೇಕಾದ ಕಾರಣವೇ ಇಲ್ಲ. 2018ರ ಫೆಬ್ರವರಿಯಲ್ಲಿ ಗಿಟ್‌ಹಬ್ ಮೇಲೆ 1.35 ಟೆರಾಬಿಟ್‌ನ ದಾಳಿ ಬಂದದ್ದು ಇದರಿಂದಲೇ. ಸೀದಾ ಡ್ರಾಪ್. ಮನೆಯೊಳಗಿನ ಸಾಧನಗಳು ಒಂದನ್ನೊಂದು ಹುಡುಕುವ ಎಸ್‌ಎಸ್‌ಡಿಪಿಯ 1900 ಕೂಡ ಹಾಗೇ. ಎನ್‌ಟಿಪಿಯ 123 ಹಾಗಲ್ಲ, ಡಿವಿಆರ್, ಮೊಬೈಲ್, ಸರ್ವರ್ ಎಲ್ಲ ಗಡಿಯಾರ ಸರಿಮಾಡಿಕೊಳ್ಳುವುದು ಅದರಿಂದ. ಆದರೆ ಮಾಮೂಲಿ ಎನ್‌ಟಿಪಿ ಉತ್ತರ 48 ಬೈಟ್ ಮಾತ್ರ. 123ರಿಂದ ನಾನೂರು ಬೈಟಿನ ಉತ್ತರ ಬಂದರೆ ಅದು ದಾಳಿಯದ್ದೇ ಇರಬೇಕು, ಉದ್ದ ನೋಡಿ ಬಿಸಾಡಿ. ಡಿಎನ್‌ಎಸ್‌ನ 53ನ್ನು ಪೂರ್ತಿ ಬಿಸಾಡಿದರೆ ಊರಿನ ನೆಟ್ ನೀವೇ ಕೆಡವಿದಂತೆ, ಅದಕ್ಕೆ ಮಿತಿ ಹಾಕಬೇಕು.

ಮಿತಿ ಹಾಕಲು ಮ್ಯಾಪ್ ಬೇಕು. ಮ್ಯಾಪ್ ಅಂದರೆ ಕರ್ನಲ್‌ನೊಳಗಿನ ನಿಮ್ಮ ಪ್ರೋಗ್ರಾಂ ಮತ್ತು ಹೊರಗಿನ ಪ್ರೋಗ್ರಾಂ ಇಬ್ಬರೂ ಓದಿ ಬರೆಯಬಹುದಾದ ಟೇಬಲ್. ಟೇಬಲ್‌ನ ಕೀ ಆಗಿ ಕಳಿಸಿದವನ ಐಪಿ ಇಡಬೇಡಿ. ದಾಳಿಯಲ್ಲಿ ಅದು ಸಾವಿರಾರು ಇರುತ್ತದೆ, ಸುಳ್ಳು ವಿಳಾಸವೂ ಇರಬಹುದು, ಟೇಬಲ್ ತುಂಬಿ ಹೋಗುತ್ತದೆ. ಏಟು ತಿನ್ನುವ ನಮ್ಮ ಚಂದಾದಾರನ ಐಪಿ ಇಡಿ. ನಮ್ಮ ಐಪಿಗಳು ಎಷ್ಟು ಅಂತ ನಮಗೆ ಗೊತ್ತು, ಟೇಬಲ್ ಅಳತೆಯೂ ಗೊತ್ತಾಗುತ್ತದೆ. ಒಂದೊಂದು ಐಪಿಗೂ ಇಷ್ಟು ಟೋಕನ್, ಸಮಯ ಕಳೆದಂತೆ ತುಂಬುತ್ತದೆ, ಖಾಲಿಯಾದರೆ ಡ್ರಾಪ್. ಸಮಯ ಕೇಳುವುದಕ್ಕೂ ಖರ್ಚಿದೆ, ಹಾಗಾಗಿ ಅನುಮಾನದ ಪ್ಯಾಕೆಟ್‌ಗೆ ಮಾತ್ರ ಕೇಳಿ, ಎಲ್ಲದಕ್ಕೂ ಅಲ್ಲ.

ಟೇಬಲ್ ಪರ್ ಸಿಪಿಯು ಬಗೆಯದ್ದೇ ಇರಲಿ. ಎಂಟು ಕೋರ್ ಒಂದೇ ಕೌಂಟರ್‌ಗೆ ಬರೆದರೆ ಆ ಕ್ಯಾಶ್ ಲೈನ್ ಒಬ್ಬರಿಂದ ಒಬ್ಬರಿಗೆ ಓಡಾಡುತ್ತಲೇ ಇರುತ್ತದೆ, 67 ನ್ಯಾನೊಸೆಕೆಂಡ್ ಅಲ್ಲೇ ಕರಗುತ್ತದೆ. ಪ್ರತಿ ಕೋರ್‌ಗೂ ತನ್ನದೇ ಕೌಂಟರ್ ಇರಲಿ, ಕೂಡಿಸುವ ಕೆಲಸ ಹೊರಗಿನ ಪ್ರೋಗ್ರಾಂ ಮಾಡಲಿ. ಆಗ ಮಿತಿಯನ್ನೂ ಕೋರ್ ಸಂಖ್ಯೆಯಿಂದ ಭಾಗಿಸಬೇಕು ಅನ್ನುವುದು ನೆನಪಿರಲಿ. ಕೆಟ್ಟ ನೆಟ್‌ವರ್ಕ್‌ಗಳ ಪಟ್ಟಿ ಇಡುವುದಾದರೆ ಎಲ್‌ಪಿಎಂ ಟ್ರೈ ಅನ್ನುವ ಬಗೆ ಇದೆ, ಪೂರ್ತಿ ಪ್ರಿಫಿಕ್ಸನ್ನೇ ಕೀ ಮಾಡಬಹುದು. ಅದನ್ನು ಮಾಡುವಾಗ ನೋ ಪ್ರೀಅಲಾಕ್ ಫ್ಲ್ಯಾಗ್ ಕಡ್ಡಾಯ.

ಅರ್ಥವಾಗದ ಪ್ಯಾಕೆಟ್ ಎಲ್ಲಕ್ಕೂ ಪಾಸ್. ಫಿಲ್ಟರ್‌ನ ಅನುಮಾನ ಚಂದಾದಾರನ ಮೇಲೆ ಬೀಳಬಾರದು.

ಪರೀಕ್ಷೆ, ಆಮೇಲೆ ಹಾಕುವುದು

ಮೊದಲು ಲ್ಯಾಪ್‌ಟಾಪ್‌ನಲ್ಲಿ ವಿಈಥ್ ಜೋಡಿ (ಸಾಫ್ಟ್‌ವೇರ್‌ನಲ್ಲೇ ಜೋಡಿಸಿದ ಎರಡು ಪೋರ್ಟ್), ನೆಟ್‌ವರ್ಕ್ ನೇಮ್‌ಸ್ಪೇಸ್ (ಬೇರೆ ಯಂತ್ರದಂತೆ ವರ್ತಿಸುವ ಪ್ರತ್ಯೇಕ ಜಾಲ) ಮಾಡಿಕೊಂಡು ತರ್ಕ ಸರಿ ಇದೆಯಾ ನೋಡಿ. ವೇಗ ಅಳೆಯಲು ಅದು ಸಾಲದು. 10 ಜಿ ಕಾರ್ಡ್ ಇರುವ ಎರಡು ಹಳೆ ಡೆಸ್ಕ್‌ಟಾಪ್ ನಡುವೆ ಒಂದು ಡಿಎಸಿ ಕೇಬಲ್ (ಎರಡು ಕಡೆ ಪ್ಲಗ್ ಸೇರಿಯೇ ಬರುವ ತಾಮ್ರದ ಕೇಬಲ್) ಹಾಕಿ, ಒಂದರಿಂದ ಕರ್ನಲ್‌ನಲ್ಲೇ ಇರುವ ಪ್ಯಾಕೆಟ್‌ಜೆನ್‌ನಿಂದ 64 ಬೈಟಿನದ್ದು ಸುರಿಸಿ. ಅದಕ್ಕೆ ಬೇಕಾದ ಸ್ಕ್ರಿಪ್ಟ್‌ಗಳು ಕರ್ನಲ್ ಸೋರ್ಸ್‌ನ ಸ್ಯಾಂಪಲ್ಸ್ ಫೋಲ್ಡರ್‌ನಲ್ಲಿವೆ. ಐಪಿಟೇಬಲ್ಸ್ ಡ್ರಾಪ್ ಹಾಕಿ ಒಮ್ಮೆ, ಎಕ್ಸ್‌ಡಿಪಿ ಡ್ರಾಪ್ ಹಾಕಿ ಒಮ್ಮೆ ಅಳೆಯಿರಿ. 2018ರ ಎಕ್ಸ್‌ಡಿಪಿ ಪ್ರಬಂಧದಲ್ಲಿ ಒಂದೇ ಕೋರ್ ಸೆಕೆಂಡಿಗೆ 2 ಕೋಟಿ 40 ಲಕ್ಷ ಪ್ಯಾಕೆಟ್ ತನಕ ನಿಭಾಯಿಸಿತ್ತು. ನಿಮ್ಮ ಹಳೆ ಯಂತ್ರದಲ್ಲಿ ಅಷ್ಟು ಬರದಿರಬಹುದು, ಆದರೆ ಎರಡರ ನಡುವಿನ ಅಂತರ ಕಣ್ಣಿಗೆ ಹೊಡೆಯುತ್ತದೆ.

ನಿಜವಾದ ಸರ್ವರ್‌ಗೆ ಹಾಕುವಾಗ ಬೆಳಗಿನ ಜಾವ ಹಾಕಿ. ಅನೇಕ ಡ್ರೈವರ್‌ಗಳು ಎಕ್ಸ್‌ಡಿಪಿ ಹಾಕುವಾಗ ಕ್ಯೂಗಳನ್ನು ಹೊಸದಾಗಿ ಕಟ್ಟುತ್ತವೆ, ಲಿಂಕ್ ಒಂದೆರಡು ಸೆಕೆಂಡ್ ಬಿದ್ದು ಏಳುತ್ತದೆ. ಸಂಜೆ ಏಳು ಗಂಟೆಗೆ ಹಾಗಾದರೆ ಫೋನ್ ನಿಲ್ಲುವುದಿಲ್ಲ. ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಹಾಕುತ್ತಿದ್ದರೆ, ಹಾಕುವ ಮೊದಲೇ ಹಿನ್ನೆಲೆಯಲ್ಲಿ ಎರಡು ನಿಮಿಷ ಕಾದು ಎಕ್ಸ್‌ಡಿಪಿ ಆಫ್ ಮಾಡುವ ಕಮಾಂಡ್ ಓಡಿಸಿಡಿ. ಎಲ್ಲ ಸರಿ ಇದ್ದರೆ ಅದನ್ನು ನಿಲ್ಲಿಸಿ, ನೀವೇ ಹೊರಗೆ ಸಿಕ್ಕಿಕೊಂಡಿದ್ದರೆ ಅದು ಬಾಗಿಲು ತೆಗೆಯುತ್ತದೆ. ಐಪಿ ಕಮಾಂಡ್‌ನಲ್ಲಿ ಬರೀ ಎಕ್ಸ್‌ಡಿಪಿ ಅನ್ನುವ ಬದಲು ಎಕ್ಸ್‌ಡಿಪಿ ಡಿಆರ್‌ವಿ (xdpdrv, ಒಂದೇ ಪದ) ಅಂತಲೇ ಬರೆಯಿರಿ. ಇಲ್ಲದಿದ್ದರೆ ನೇಟಿವ್ ಸಿಗದಿದ್ದಾಗ ಅದು ಸದ್ದಿಲ್ಲದೆ ಜೆನೆರಿಕ್‌ಗೆ ಇಳಿದುಬಿಡುತ್ತದೆ, ನೀವು ವೇಗ ಬಂತು ಅಂದುಕೊಂಡಿರುತ್ತೀರಿ. ಮ್ಯಾಪ್‌ಗಳನ್ನು ಬಿಪಿಎಫ್ ಫೈಲ್ ಸಿಸ್ಟಂನಲ್ಲಿ ಪಿನ್ ಮಾಡಿದರೆ ಪ್ರೋಗ್ರಾಂ ಬದಲಿಸಿದರೂ ಲೆಕ್ಕಗಳು ಉಳಿಯುತ್ತವೆ. ಮೊದಲ ವಾರ ಡ್ರಾಪ್ ಮಾಡದೆ ಬರೀ ಎಣಿಸಿ, ಯಾವ ರೂಲ್‌ಗೆ ಎಷ್ಟು ಬೀಳುತ್ತಿದೆ ಅಂತ ನೋಡಿ, ಆಮೇಲೆ ಡ್ರಾಪ್ ಆನ್ ಮಾಡುವುದು ನನ್ನ ಪ್ರಕಾರ ಒಳ್ಳೆಯ ದಾರಿ.

ಒಂದು ಮಿತಿ ಇದೆ. ಮೇಲಿನ 10 ಜಿ ಲಿಂಕೇ ತುಂಬಿ ಬಂದರೆ ನಿಮ್ಮ ಸರ್ವರ್‌ನಲ್ಲಿ ಏನು ಬಿಸಾಡಿದರೂ ಲಾಭವಿಲ್ಲ, ಪೈಪ್ ಆಗಲೇ ತುಂಬಿದೆ. ಆಗ ಏಟು ತಿನ್ನುವ ಆ ಒಂದು ಐಪಿಯನ್ನು ಮೇಲಿನವರ ಕಡೆಯೇ ಬ್ಲ್ಯಾಕ್‌ಹೋಲ್ ಮಾಡಿಸಬೇಕು, ಅಂದರೆ ಅದಕ್ಕೆ ಬರುವುದನ್ನೆಲ್ಲ ಅವರೇ ಬಿಸಾಡಬೇಕು. ಜಾಲಗಳು ಒಂದಕ್ಕೊಂದು ದಾರಿ ತಿಳಿಸುವ ಬಿಜಿಪಿಯಲ್ಲಿ ಅದಕ್ಕೆಂದೇ 65535:666 ಅನ್ನುವ ಕಮ್ಯುನಿಟಿ (ರೂಟ್‌ಗೆ ಅಂಟಿಸುವ ಗುರುತು) 2016ರಿಂದ ಇದೆ. ನಿಮ್ಮ ಅಪ್‌ಸ್ಟ್ರೀಮ್ ಅದನ್ನು ಒಪ್ಪುತ್ತದೆಯೋ, ಅವರದ್ದೇ ಬೇರೆ ನಂಬರ್ ಇದೆಯೋ ಅಂತ ದಾಳಿ ಬರುವ ಮೊದಲೇ ಕೇಳಿಟ್ಟುಕೊಳ್ಳಿ.

ಕೊನೆಗೆ ರಾತ್ರಿ ಪಾಳಿಯ ಹುಡುಗರಿಗೆ ಒಂದು ಕಾಗದ ಬರೆದು ರ‍್ಯಾಕ್ ಬಾಗಿಲಿಗೆ ಅಂಟಿಸಿ. ಎಕ್ಸ್‌ಡಿಪಿ ಬಿಸಾಡಿದ್ದು ಟಿಸಿಪಿಡಂಪ್‌ಗೆ ಕಾಣುವುದಿಲ್ಲ, ಎಕ್ಸ್‌ಡಿಪಿ ಡಂಪ್ ಬಳಸಬೇಕು. ಇದು ಗೊತ್ತಿಲ್ಲದವರು ಪ್ಯಾಕೆಟ್ ಬರುತ್ತಲೇ ಇಲ್ಲ ಅಂತ ಅಪ್‌ಸ್ಟ್ರೀಮ್‌ಗೆ ಫೋನ್ ಮಾಡಿ ಗಂಟೆಗಟ್ಟಲೆ ಜಗಳ ಆಡುತ್ತಾರೆ. ಕೌಂಟರ್ ನೋಡುವ ಕಮಾಂಡ್, ಫಿಲ್ಟರ್ ತೆಗೆಯುವ ಕಮಾಂಡ್, ಇವೆರಡನ್ನೂ ಪೂರ್ತಿಯಾಗಿ, ಇಂಟರ್‌ಫೇಸ್ ಹೆಸರು ಸಮೇತ, ಅದೇ ಕಾಗದದಲ್ಲಿ ಬರೆಯಿರಿ.